ಹುಸೇನಪೀರನ ಲಿಂಕು

ಬೆಳಗಾವಿ, ೨೧ ನವೆಂಬರ್ ೧೯೮೯, ಮಂಗಳವಾರ

ಜೊತೆಗಾರ ಹುಸೇನಪೀರ ಖಾನಾಪುರ ರಸ್ತೆಯ ಅಪಘಾತದಲ್ಲಿ ತೀರಿಕೊಂಡ ಮೇಲೆ ಅವನ ಪಂಪಿನ ನಕ್ಷೆಗಳು ನನ್ನ ಪಾಲಿಗೆ ಬಂದಿವೆ. ಅವು ಮಚ್ಛೆ ಕಾರ್ಖಾನೆಯ ದೊಡ್ಡ ಕಂಪ್ಯೂಟರಿನಲ್ಲಿವೆ. ಅಲ್ಲೇ ಕೂತರೆ ಅವನು ಮಾಡಿಟ್ಟ ಲಿಂಕು, ಅಂದರೆ ಫೈಲು ಎಲ್ಲಿದೆ ಎಂದು ತೋರಿಸುವ ವಿಳಾಸದ ಚೀಟಿ, ತೆರೆಯುತ್ತದೆ. ನನ್ನ ಮೇಜಿನ ಕಂಪ್ಯೂಟರಿನಿಂದ ಹೋದರೆ ಫೈಲೇ ಇಲ್ಲ ಎನ್ನುತ್ತದೆ. ಕೇಬಲ್ ನೋಡಿದೆ, ಫೈಲು ತೆರೆಯುವ ಪರವಾನಗಿಯನ್ನೂ ನೋಡಿದೆ. ದಿನವೆಲ್ಲ ಹಾಳು.

ಕಡೆಗೆ ಕಂಪ್ಯೂಟರ್ ವಿಭಾಗದ ಉಳವಪ್ಪನವರು ಬಂದರು. "ಕಾಂತಾ ಬಾಯಾರ, ಈ ಲಿಂಕು ನಿಮ್ಮ ಮಷೀನಿನ್ಯಾಗ ಹುಡುಕಾಕತ್ತೈತಿ. ಅಂವನ ಫೈಲು ಇಲ್ಲೆಲ್ಲಿ ಸಿಗಬೇಕ್ರಿ?"

ದೊಡ್ಡ ಕಂಪ್ಯೂಟರಿನಲ್ಲೇ ಹುಡುಕುವಂತೆ ಲಿಂಕಿನ ವಿಳಾಸ ತಿದ್ದಿದೆವು. ನಕ್ಷೆ ತೆರೆಯಿತು. ಮೂಲೆಯಲ್ಲಿ ಯಾವತ್ತಿನಂತೆ 'ಪರಿಶೀಲನೆ: ಕಾಂತಾ' ಎಂದು ಮೊದಲೇ ಬರೆದಿಟ್ಟಿದ್ದ. ನಾನು ತಪ್ಪು ಹಿಡಿದು ಅವನ ಹೆಸರು ಕೂಗಬೇಕು, ಅವನು ಚಹಾ ಬಿಟ್ಟು ನಗುತ್ತ ಬರಬೇಕು, ಅದೇ ನಮ್ಮ ವಾಡಿಕೆಯಾಗಿತ್ತು.

ಇವತ್ತೂ ಒಂದು ತೂತಿನ ಅಳತೆ ತಪ್ಪಿತ್ತು. ಕೂಗಿಬಿಟ್ಟೆ.