ಅಪ್ಪನ ಹೊಟ್ಟೆಯ ನಳಿಕೆ ಮತ್ತು ನಿಮ್ಮ ಒಂದು ಸಾಲು

ಸರ್ಕಾರಿ ಆರೋಗ್ಯ ಯೋಜನೆಯ ಮಾನ್ಯ ಮಂಜೂರಾತಿ ಅಧಿಕಾರಿಗಳೇ,

'ರೋಗಿಯ ಕಡೆಯವರ ನಿರ್ಲಕ್ಷ್ಯದಿಂದ ಉಂಟಾದ ತೊಡಕು. ಎರಡನೇ ಚಿಕಿತ್ಸೆಗೆ ಅರ್ಹವಲ್ಲ.' ಇಷ್ಟು ಬರೆದು ನನ್ನ ಅಪ್ಪನ ಅರ್ಜಿಯನ್ನು ಕಳೆದ ಗುರುವಾರ ವಾಪಸ್ ಕಳಿಸಿದ್ದೀರಿ. ನನ್ನ ಅಪ್ಪ, ಜುಜೆ ಸಿದ್ದಿ, ದೊಡ್ಡಾಸ್ಪತ್ರೆಯ ವಾರ್ಡಿನಲ್ಲಿ ಜ್ವರದಲ್ಲಿ ಮಲಗಿದ್ದಾನೆ. ರೋಗಿಯ ಕಡೆಯವರು ಯಾರು, ಅವರು ಏನು ಮಾಡಿದರು ಎಂದು ನೀವು ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ.

ಪಿತ್ತಕೋಶದ ಕಲ್ಲು ಜಾರಿ ಅಪ್ಪನ ಪ್ಯಾಂಕ್ರಿಯಾಸ್, ಅಂದರೆ ಮೇದೋಜೀರಕ ಗ್ರಂಥಿ, ಊದಿಕೊಂಡಿತು. ಜಠರದ ಹಿಂದೆ ಕೀವು ಬೆರೆತ ನೀರು ತುಂಬಿತು. ತೇರಗಾಂವದಲ್ಲಿ ಕೂಲಿ ಮಾಡುವ ಸಿದ್ದಿ ಗಂಡಸಿಗೆ ಹೊಟ್ಟೆನೋವು ಬಂದರೆ ಪ್ರತಿ ಕೌಂಟರಿನಲ್ಲೂ ಮೊದಲ ಪ್ರಶ್ನೆ ಒಂದೇ: "ದಿನಾ ಎಷ್ಟ ಕುಡೀತಿ?" ಹೆಂಡ ಮುಟ್ಟದ ಅಪ್ಪ, "ಎರಡ ಕಪ್ ಚಾ ಕುಡೀತೇನ್ರಿ" ಎಂದ. ಬರೆದುಕೊಳ್ಳುವವರು ನಗಲಿಲ್ಲ.

ದೊಡ್ಡಾಸ್ಪತ್ರೆಯಲ್ಲಿ ಆ ನೀರು ಬಸಿಯಲು ಪಕ್ಕೆಯಿಂದ ನಳಿಕೆ ತೂರಿಸಿ, ಅದರ ತುದಿಗೊಂದು ಚೀಲ ಕಟ್ಟಿದರು. ನಾಲ್ಕನೇ ದಿನ ಬೆಡ್ ಬೇಕೆಂದು ಮನೆಗೆ ಕಳಿಸಿದರು. ಡಿಸ್ಚಾರ್ಜ್ ಹಾಳೆಯಲ್ಲಿ ಇಂಗ್ಲಿಷಿನಲ್ಲಿ, 'ಡ್ರೇನ್ ಕೇರ್ ಎಕ್ಸ್‌ಪ್ಲೇನ್ಡ್', ಅಂದರೆ ನಳಿಕೆಯ ಆರೈಕೆ ವಿವರಿಸಲಾಗಿದೆ. ಕೆಳಗೆ ಅಪ್ಪನ ಹೆಬ್ಬೆಟ್ಟು. ವಿವರಿಸಿದ್ದೇನು ಗೊತ್ತೇ? "ಚೀಲ ಜ್ವಾಕಿ, ಎಳೀಬ್ಯಾಡ್ರಿ." ಹಾಗೆಂದ ಸಿಸ್ಟರ್ ಆಮೇಲೆ ಪಕ್ಕದವರನ್ನು ಕೇಳಿದರು, "ಇವರಿಗೆ ಕನ್ನಡ ತಿಳೀತೈತಿಲ್ಲೋ?" ಅಪ್ಪನೇ ಉತ್ತರ ಕೊಟ್ಟ: "ಕನ್ನಡ ತಿಳೀತೈತ್ರಿ ಸಿಸ್ಟರ್. ಹಾಳಿಮ್ಯಾಲಿನ ಇಂಗ್ಲಿಷ್ ತಿಳಿಯೂದಿಲ್ಲ."

ಮನೆಯಲ್ಲಿ ಅವ್ವ, ಎಲಿಜಬೆತ್, ಸೋಪು ಹಚ್ಚಿ ಕೈ ತೊಳೆದು, ಆ ಚೀಲವನ್ನು ಮಂಚದ ಮೇಲಿನ ತೊಲೆಗೆ ನೇತುಹಾಕಿದಳು. ಯಾಕೆಂದರೆ ಅವಳು ಆಸ್ಪತ್ರೆಯಲ್ಲಿ ಕಂಡ ಪ್ರತಿ ಸಲೈನ್ ಬಾಟಲಿಯೂ ರೋಗಿಯ ತಲೆಗಿಂತ ಎತ್ತರದಲ್ಲೇ ಇತ್ತು. ನೋಡಲು ಬಂದ ಆಶಾ ಕಾರ್ಯಕರ್ತೆ ಸುನಂದಾ ಅಕ್ಕ ಕೂಡ, "ಎಷ್ಟ ಸ್ವಚ್ಛ ಇಟ್ಟಿದೀರಿ" ಎಂದು ಹೊಗಳಿ ಹೋದರು. ಚೀಲಕ್ಕೆ ನೀರು ಬರುವುದು ನಿಂತಿತು. ಅವ್ವ ನನ್ನ ಹಾಸ್ಟೆಲ್ಲಿಗೆ ಫೋನು ಮಾಡಿ, "ಚೀಲ ಖಾಲಿ ಐತಿ, ಅಪ್ಪ ಗುಣ ಆಗಾಕತ್ತಾನ" ಎಂದಳು. ಆ ಡಿಸ್ಚಾರ್ಜ್ ಹಾಳೆಯ ಫೋಟೋ ನನ್ನ ಮೊಬೈಲಿನಲ್ಲಿತ್ತು. 'ಎಕ್ಸ್‌ಪ್ಲೇನ್ಡ್' ಎಂದಿದೆಯಲ್ಲ, ಎಲ್ಲ ಹೇಳಿಯೇ ಕಳಿಸಿದ್ದಾರೆ ಎಂದು ನಂಬಿದೆ. "ಛಲೋ ಆತು ಬಿಡವ್ವಾ" ಎಂದೆ.

ಮನೆಗೆ ಬಂದ ಐದನೇ ದಿನ ಚಳಿಜ್ವರ. ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಒಯ್ದರೆ, "ಇದು ನಾವು ಹಾಕಿದ ಪೈಪ್ ಅಲ್ರಿ, ಮುಟ್ಟೂದಿಲ್ಲ, ಮುಂದ ಹೋಗ್ರಿ" ಎಂದರು. ಅವ್ವ ಚೀಲವನ್ನು ತಲೆಯೆತ್ತರಕ್ಕೆ ಹಿಡಿದು ನಿಂತೇ ಇದ್ದಳು. ಅದನ್ನು ಕೆಳಗಿಳಿಸಿ ಎನ್ನಲು ಪೈಪು ಮುಟ್ಟಬೇಕಿತ್ತೇ? ದೊಡ್ಡಾಸ್ಪತ್ರೆಯ ಡಾಕ್ಟರು ಗದರಿದರು: "ಚೀಲ ಸೊಂಟದ ಕೆಳಗ ಇರಬೇಕು. ನೀರು ಮ್ಯಾಲೆ ಏರತೈತೇನು? ಇಷ್ಟೂ ಗೊತ್ತಿಲ್ಲೇನು?"

ಗೊತ್ತಿರಲಿಲ್ಲ ಸ್ವಾಮಿ. ಗೊತ್ತಿದ್ದವರೆಲ್ಲ ನಿಮ್ಮ ಕಡೆಯಲ್ಲಿದ್ದರು, ಸಂಬಳದ ಮೇಲಿದ್ದರು. ಒಂದು ನಿಮಿಷ ನಿಂತು ತೋರಿಸದವರದ್ದು ಕೆಲಸದ ಒತ್ತಡ. ಐದು ದಿನ ನಿದ್ದೆಗೆಟ್ಟು ಕಾದವಳದ್ದು ನಿರ್ಲಕ್ಷ್ಯ. ಈ ನಿಘಂಟು ಯಾವ ಇಲಾಖೆಯದ್ದು?

ಈಗ ಒಳಗಿನ ನೀರು ಗಟ್ಟಿಯಾಗಿದೆ, ಆ ನಳಿಕೆಯಲ್ಲಿ ಇಳಿಯುವುದಿಲ್ಲ. ಬಾಯಿಯಿಂದ ಕ್ಯಾಮೆರಾ ಇರುವ ಸ್ಕೋಪ್ ಇಳಿಸಿ, ಜಠರದ ಗೋಡೆಯಲ್ಲೇ ದಾರಿ ಮಾಡಿ ಬಸಿಯಬೇಕಂತೆ. ಈ ಶನಿವಾರದೊಳಗೆ ಆಗದಿದ್ದರೆ ನಂಜು ರಕ್ತಕ್ಕೆ ಏರಬಹುದು ಎಂದು ಅದೇ ಡಾಕ್ಟರು ಬರೆದುಕೊಟ್ಟಿದ್ದಾರೆ. ಉಪಕರಣವಿದೆ, ಮಾಡುವವರಿದ್ದಾರೆ. ಅಡ್ಡ ಇರುವುದು ನಿಮ್ಮ ಆ ಒಂದು ಸಾಲು.

ಆ ಸಾಲನ್ನು ಹೊಡೆದುಹಾಕಿ ಶನಿವಾರದೊಳಗೆ ಮಂಜೂರಾತಿ ಕೊಡಿ. ಇನ್ನು ಮುಂದೆ ನಳಿಕೆಯೊಂದಿಗೆ ಮನೆಗೆ ಹೋಗುವ ಯಾರಿಂದಲೂ, ಮನೆಯವರ ಕೈಯಲ್ಲೇ ಒಮ್ಮೆ ಚೀಲ ಕಟ್ಟಿಸಿ ನೋಡದೆ, ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಡಿ.

ನಿನ್ನೆ ಅವ್ವ ಹೇಳಿದಳು: "ತಪ್ಪು ನಂದ ಅಂತ ಬರದುಕೊಡು ರೀಟಾ. ನಾ ಹೆಬ್ಬೆಟ್ಟ ಒತ್ತತೇನಿ. ಸಾಹೇಬ್ರಿಗೆ ಸಮಾಧಾನ ಆಗಲಿ, ಅಪ್ಪ ಉಳಿಯಲಿ." ಹಾಳೆ, ಪೆನ್ನು ಎರಡನ್ನೂ ತಂದುಕೊಟ್ಟಳು. ಅದೇ ಹಾಳೆಯಲ್ಲಿ ಇದನ್ನು ಬರೆದಿದ್ದೇನೆ.

ಇಂತಿ,
ಮನೆಯಲ್ಲಿ ಇಂಗ್ಲಿಷ್ ಓದಬಲ್ಲವಳು ತಾನೊಬ್ಬಳೇ ಎಂದು ಬೀಗುತ್ತಿದ್ದ
ರೀಟಾ ಜುಜೆ ಸಿದ್ದಿ
ಪದವಿ ಪ್ರಥಮ ವರ್ಷ