ಆ ನಾಲ್ಕು ಹಸುಗಳು ಈಗ ಯಾರ ಕೊಟ್ಟಿಗೆಯಲ್ಲಿವೆ?

ಪಶು ಆರೋಗ್ಯ ಇಲಾಖೆಯ ಉಪನಿರ್ದೇಶಕರಿಗೆ,

ಮಾನ್ಯರೇ, ಒಂದು ಡೇರಿಯ ಹಸುಗಳ ರಕ್ತದಲ್ಲಿ ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾ ಇದೆಯೆಂದು ನಿಮ್ಮ ಪ್ರಯೋಗಾಲಯ ಕಂಡುಹಿಡಿಯಿತು. ಅವುಗಳ ಹಾಲು ಕರೆಯುತ್ತಿದ್ದವಳಿಗೆ ಮಾತ್ರ ನೀವು ಒಂದು ಮಾತೂ ತಿಳಿಸಲಿಲ್ಲ. ಆಕೆ ನನ್ನ ಅಕ್ಕ.

ಹದಿನೆಂಟು ಹಸುಗಳ ಆ ಡೇರಿಯಲ್ಲಿ ಅವಳಿಗೆ ಕೆಲಸ. ಕಳೆದ ವರ್ಷದ ಕೊನೆಗೆ ಅಲ್ಲಿ ಎರಡು ಹಸುಗಳು ದಿನ ತುಂಬುವ ಮೊದಲೇ ಕಂದು ಹಾಕಿದವು. ಸತ್ತ ಕರುವನ್ನೂ ಅದರ ಹಿಂದೆ ಬರುವ ಮಾಸನ್ನೂ ಎಳೆದು ತೆಗೆದವಳು ಅವಳೇ, ಬರಿಗೈಯಲ್ಲಿ. ಕೈಗವಸು ಇರಲಿಲ್ಲವೆಂದಲ್ಲ. "ಅದು ಹಾಕ್ಕೊಂಡ್ರೆ ಕರು ಕಾಲು ಜಾರುತ್ತೆ ಕಣೋ. ನೀನೇ ಬಂದು ಎಳಿ ನೋಡೋಣ, ಪೇಪರ್ ಓದಿದಷ್ಟು ಸುಲಭ ಅಲ್ಲ" ಎಂದು ನನ್ನನ್ನೇ ಗೇಲಿ ಮಾಡಿದಳು. ರೋಗಾಣು ದಟ್ಟವಾಗಿರುವುದು ಆ ಮಾಸಿನಲ್ಲೇ ಎಂಬುದು ನಿಮಗೆ ಗೊತ್ತಿತ್ತು. ಅವಳಿಗೆ ಗೊತ್ತಿರಲಿಲ್ಲ.

ತಿಂಗಳೊಳಗೆ ಜ್ವರ ಬಂತು. ಬೆಳಿಗ್ಗೆ ಇಳಿದು ಸಂಜೆ ಏರುವ ಜ್ವರ. ಕ್ಲಿನಿಕ್ಕಿನ ವೈದ್ಯರು ಮೂರು ಸಲ ಟೈಫಾಯ್ಡ್ ಪರೀಕ್ಷೆ ಮಾಡಿಸಿದರು, ಏನು ಕೆಲಸ ಮಾಡುತ್ತೀ ಎಂದು ಒಮ್ಮೆಯೂ ಕೇಳಲಿಲ್ಲ. ಕೊನೆಗೆ ದೊಡ್ಡಾಸ್ಪತ್ರೆಯ ರಕ್ತ ಪರೀಕ್ಷೆಯಲ್ಲಿ ಸಿಕ್ಕಿದ್ದು ಅದೇ ಬ್ರುಸೆಲ್ಲಾ. ಇಂದು ಮಂಚದಿಂದ ಏಳಲು ಅವಳಿಗೆ ನನ್ನ ಹೆಗಲು ಬೇಕು.

ನಿಮ್ಮ ಕಚೇರಿಗೆ ಬಂದು ವಿಚಾರಿಸಿದೆ. ಆರು ಹಸುಗಳಲ್ಲಿ ರೋಗವಿದೆ ಎಂಬ ವರದಿ ಬಂದು ಎಂಟು ವಾರವಾಗಿತ್ತು. ಯಾರಿಗೂ ಯಾಕೆ ಹೇಳಲಿಲ್ಲ ಎಂದರೆ ಗುಮಾಸ್ತರು ನಕ್ಕರು: "ನಮ್ದು ದನಗಳ ಇಲಾಖೆ ಅಲ್ವೇನ್ರೀ? ಮನುಷ್ಯರದ್ದು ಎದುರುಗಡೆ ಕಟ್ಟಡ." ನಡುವೆ ಇರುವುದು ಒಂದು ರಸ್ತೆ. ಬ್ಯಾಕ್ಟೀರಿಯಾ ಯಾರ ಅಪ್ಪಣೆಯನ್ನೂ ಕೇಳದೆ ದನದಿಂದ ಮನುಷ್ಯರಿಗೆ ದಾಟಿತು. ನಿಮ್ಮ ಕಾಗದ ಆ ರಸ್ತೆ ದಾಟಲು ಇನ್ನೆಷ್ಟು ಸಹಿ ಬೇಕು?

ಇನ್ನು ಭಯದ ಸಂಗತಿ. ಆ ಎಂಟು ವಾರಗಳಲ್ಲಿ ಡೇರಿಯ ಮಾಲೀಕರು ಆರರಲ್ಲಿ ನಾಲ್ಕು ಹಸುಗಳನ್ನು ಮಾರಿದ್ದಾರೆ. "ನಂಗೂ ಯಾರೂ ಹೇಳ್ಲಿಲ್ಲಪ್ಪಾ, ನೋಡೋಕೆ ಗುಂಡುಕಲ್ಲಿನ ಹಾಗಿದ್ವು" ಎನ್ನುತ್ತಾರೆ. ಅವು ಆರೋಗ್ಯವಾಗಿವೆ ಎಂದು ಸಾಗಣೆಗೆ ಪ್ರಮಾಣಪತ್ರ ಕೊಟ್ಟದ್ದು ಬೇರೆ ಯಾರೂ ಅಲ್ಲ, ನಿಮ್ಮದೇ ಇಲಾಖೆ! ಹಸುಗಳ ಕಿವಿಯೋಲೆಯ ಸಂಖ್ಯೆ, ಕೊಂಡವರ ವಿಳಾಸ ಎರಡೂ ನಿಮ್ಮ ಕಡತದಲ್ಲಿವೆ.

ವಿಚಾರಣಾ ಸಮಿತಿ ಆಮೇಲೆ ಮಾಡಿಕೊಳ್ಳಿ. ಇಂದೇ ಆ ನಾಲ್ಕು ವಿಳಾಸಗಳಿಗೆ ಜನ ಕಳಿಸಿ. ಹಸುಗಳನ್ನು ಬೇರೆ ಕಟ್ಟಿಸಿ, ಅವನ್ನು ನೋಡಿಕೊಳ್ಳುವವರ ರಕ್ತ ಪರೀಕ್ಷೆ ಮಾಡಿಸಿ. ನಾಲ್ಕೂ ಗಬ್ಬದ ಹಸುಗಳು. ಅವಕ್ಕೀಗ ಎಂಟನೇ ತಿಂಗಳು. ಯಾವುದೋ ಕೊಟ್ಟಿಗೆಯಲ್ಲಿ ಒಬ್ಬಾಕೆ ಕರು ಎಳೆಯಲು ಈಗಾಗಲೇ ರವಿಕೆಯ ತೋಳು ಮೇಲೇರಿಸುತ್ತಿರಬಹುದು.

ಇಂತಿ,
ಇನ್ನೂ ನಿಮಗೆ ಕಾಗದ ಬರೆಯುವಷ್ಟು ನಂಬಿಕೆ ಉಳಿಸಿಕೊಂಡಿರುವ
ಒಬ್ಬ ತಮ್ಮ