ರಾಣಿ ಮಾತು ಮರೆತದ್ದರ ಬಗ್ಗೆ

ಗೋಪೀನಾಥ,

ನೀನು ಬಾಗಿಲು ತೆರೆಯುತ್ತಿಲ್ಲ, ಸಿರುಗುಪ್ಪದ ಬಂಡಿ ನನಗಾಗಿ ಕಾಯುವುದಿಲ್ಲ. ಅದಕ್ಕೇ ಈ ಚೀಟಿಯನ್ನು ಬಾಗಿಲ ಸಂದಿಯಲ್ಲಿ ತಳ್ಳಿದ್ದೇನೆ.

ಅವಲಕ್ಕಿ ಕಲಸಿಟ್ಟಿದೆ, ತಿನ್ನು. ಅಮ್ಮನ ಸೀರೆಗೆ ಮುಖದ ಬಣ್ಣ ತಾಗಿಸಬೇಡ.

ದಸರಾ ರಜೆಯಲ್ಲಿ ನಾನು ನೋಡಿದ ಮೂರು ನಾಟಕ ಹೇಗಿದ್ದವೆಂದು ನೀನು ಕೇಳಿದೆ. ನಾನು ಸುಮ್ಮನಿದ್ದೆ. ಅದು ನನ್ನ ಸ್ವಭಾವ, ನಿನ್ನ ಮೇಲಿನ ಸಿಟ್ಟಲ್ಲ. ಮೊದಲನೆಯದರಲ್ಲಿ ಜನ ಕೇಳಿದರೆಂದು ಸತ್ತ ರಾಜ ಎದ್ದು, ಇನ್ನೊಮ್ಮೆ ಹಾಡಿ, ಮತ್ತೆ ಸತ್ತ. ಎರಡನೆಯದರಲ್ಲಿ ಚೆನ್ನಾಗಿ ಅತ್ತದ್ದು ಹಾರ್ಮೋನಿಯಂ ಒಂದೇ. ಮೂರನೆಯದರಲ್ಲಿ ರಾಣಿಯಾಗಿದ್ದ ನೀನು ಗಂಡನ ಸಾವಿನ ಸುದ್ದಿ ಕೇಳಿ, ಮಾತು ಮರೆತು, ಕಂಬದಂತೆ ನಿಂತುಬಿಟ್ಟೆ.

ಮಾನ ಹೋಯಿತು, ಇನ್ನು ಬಣ್ಣ ಹಚ್ಚುವುದಿಲ್ಲ ಎನ್ನುವ ಮೊದಲು ಇದನ್ನು ಕೇಳು. ಹೆಂಗಸರ ಕಡೆಯಿಂದ ಗಾಣದ ಚನ್ನವೀರಮ್ಮನ ದನಿ ಬಂತು: "ಪಾಪ, ದುಃಖಕ್ಕ ಬಾಯೇ ಕಟ್ಟೈತಿ ನೋಡ್ರವ್ವಾ!" ಇಡೀ ಚಪ್ಪರ ಅತ್ತಿತು. ನಾನೂ ಅತ್ತೆ.

ಇಂದು ಸಂಜೆ ಅದೇ ನಾಟಕ ಮತ್ತೆ ಇದೆ. ಕ್ಷೌರ ಮಾಡಿಸಿಕೊಂಡು ಹೋಗು. ಆ ಜಾಗ ಬಂದಾಗ ಮಾತು ನೆನಪಾದರೂ ಹೇಳಬೇಡ.

ಅಣ್ಣ